ಕಾಯ ಮತ್ತೆ ಕಾಯಕಕ್ಕೆ ಮರಳುವಾಗ



ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದವರನ್ನು ಕಾಣಲು ಬರುವ ಬಂಧುಬಾಂಧವರ ಬಾಯಲ್ಲಿ ಮೊದಲು ಹೊರಡುವ ಮಾತು ಒಂದೇ: “ಇನ್ನು ಏನೂ ಮಾಡಬೇಡಿ, ಸುಮ್ಮನೆ ಮಲಗಿಕೊಂಡಿರಿ.” ಈ ಮಾತಿನ ಹಿಂದೆ ಪ್ರೀತಿಯಿದೆ, ಕಾಳಜಿಯಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇದೇ ಮಾತು ವಾರಗಟ್ಟಲೆ, ತಿಂಗಳುಗಟ್ಟಲೆ ಕಿವಿಯ ಮೇಲೆ ಬೀಳುತ್ತ ಹೋದರೆ, ವೈದ್ಯರು ಸರಿಪಡಿಸಿ ಕಳುಹಿಸಿದ ದೇಹವನ್ನು ಮನೆಯವರೇ ಕೈಯಾರೆ ರೋಗಿಯಾಗಿ ಉಳಿಸಿದಂತಾಗುತ್ತದೆ. ಗಾಯ ಮಾಯ್ದಿರುತ್ತದೆ, ಹೊಲಿಗೆ ಬಿಚ್ಚಿರುತ್ತಾರೆ, ಪರೀಕ್ಷೆಯ ವರದಿಗಳೆಲ್ಲ ಸರಿಯಾಗಿರುತ್ತವೆ. ಆದರೂ ಆ ವ್ಯಕ್ತಿ ಅಂಗಳ ದಾಟಲು ಅಂಜುತ್ತಾರೆ. ತಮ್ಮ ದೇಹದ ಮೇಲೆಯೇ ಅವರಿಗೆ ನಂಬಿಕೆ ಹೋಗಿರುತ್ತದೆ.

ಕಳೆದುಹೋದ ಬಲವನ್ನೂ, ಅದಕ್ಕಿಂತ ಹೆಚ್ಚಾಗಿ ಕಳೆದುಹೋದ ಈ ನಂಬಿಕೆಯನ್ನೂ ಮರಳಿ ಪಡೆಯುವ ಬಗೆಯನ್ನು ಈ ತಿಂಗಳ ಅಂಕಣದಲ್ಲಿ ವಿಚಾರ ಮಾಡೋಣ. ಶಸ್ತ್ರಚಿಕಿತ್ಸೆಗಳು ಹಲವು ಬಗೆ. ಎಲ್ಲವನ್ನೂ ಒಂದೇ ಲೇಖನದಲ್ಲಿ ಅಡಕಗೊಳಿಸಲಾಗದು. ಆದುದರಿಂದ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಇಲ್ಲಿ ಹೇಳುವ ಅವಧಿ ಮತ್ತು ಅಳತೆಗಳು ಸಾಮಾನ್ಯವಾದವು. ಪ್ರತಿಯೊಬ್ಬರ ಹೃದಯದ ಸ್ಥಿತಿ ಬೇರೆಯಾದುದರಿಂದ, ತಮಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಮಾತೇ ಕೊನೆಯ ಮಾತು ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಎದೆ ತೆರೆದು ಮುಚ್ಚಿದ ಮೇಲೆ

ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾದಾಗ, ಆ ಅಡಚಣೆಯನ್ನು ಬಳಸಿಕೊಂಡು ರಕ್ತ ಹರಿಯುವಂತೆ ಹೊಸ ದಾರಿಯೊಂದನ್ನು ಮಾಡಿಕೊಡುವುದೇ ಬೈಪಾಸ್. ಕಾಲಿನಿಂದ ತೆಗೆದ ಅಭಿಧಮನಿಯನ್ನು ಇದಕ್ಕಾಗಿ ಬಳಸುವ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಡಾ. ರೆನೆ ಫವಲೋರೊ ಅವರು ರೂಢಿಗೆ ತಂದರು. ನಮ್ಮ ದೇಶದಲ್ಲಿ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ನೆರವೇರಿಸಿದರು. ಅಂದು ಅಪೂರ್ವವಾಗಿದ್ದ ಈ ಚಿಕಿತ್ಸೆ ಇಂದು ಬೆಂಗಳೂರಷ್ಟೇ ಅಲ್ಲದೆ ನಮ್ಮ ನಾಡಿನ ಬೇರೆ ಊರುಗಳಲ್ಲಿಯೂ ದೊರೆಯುತ್ತದೆ.

ಹೃದಯವನ್ನು ತಲುಪಲು ವೈದ್ಯರು ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಕೆಲಸ ಮುಗಿದ ಮೇಲೆ ಎರಡು ಭಾಗಗಳನ್ನೂ ಕೂಡಿಸಿ ಉಕ್ಕಿನ ತಂತಿಗಳಿಂದ ಬಿಗಿಯುತ್ತಾರೆ. ಆ ತಂತಿಗಳು ಸಾಮಾನ್ಯವಾಗಿ ಜೀವಮಾನವಿಡೀ ಅಲ್ಲಿಯೇ ಇರುತ್ತವೆ, ಅವುಗಳಿಂದ ತೊಂದರೆಯಿಲ್ಲ. ಮುರಿದ ಕೈಯ ಎಲುಬು ಹೇಗೆ ಕೂಡಿಕೊಳ್ಳುತ್ತದೆಯೋ ಹಾಗೆಯೇ ಈ ಮೂಳೆಯೂ ಕೂಡಿಕೊಳ್ಳುತ್ತದೆ. ಅದಕ್ಕೆ ಆರರಿಂದ ಎಂಟು ವಾರ ಬೇಕು. ಪೂರ್ಣ ಗಟ್ಟಿಯಾಗಲು ಸುಮಾರು ಹನ್ನೆರಡು ವಾರ ಹಿಡಿಯುತ್ತದೆ.

ಈ ಅವಧಿಯಲ್ಲಿ ದೇಹ ತೋರಿಸುವ ಅನೇಕ ಲಕ್ಷಣಗಳು ಸಹಜವಾದವು. ಕೆಮ್ಮಿದಾಗ, ಹೊರಳಿದಾಗ ಎದೆ ಚುಳ್ಳೆನ್ನುತ್ತದೆ. ಎದೆಗೂಡಿನ ಒಳಗೋಡೆಯ ರಕ್ತನಾಳವನ್ನು ಬಳಸಿದ್ದರೆ ಎದೆಯ ಎಡಭಾಗ ಕೆಲವು ತಿಂಗಳು ಜೋಮು ಹಿಡಿದಂತೆ ಇರುತ್ತದೆ. ನಾಳವನ್ನು ತೆಗೆದ ಕಾಲು ಸಂಜೆಯ ಹೊತ್ತಿಗೆ ಬಾತುಕೊಳ್ಳುತ್ತದೆ; ಕುಳಿತಾಗ ಕಾಲನ್ನು ಎತ್ತರಕ್ಕೆ ಇಟ್ಟುಕೊಂಡರೆ ಇಳಿಯುತ್ತದೆ. ನಾಲಗೆಗೆ ರುಚಿ ಇರುವುದಿಲ್ಲ, ರಾತ್ರಿ ನಿದ್ರೆ ಹರಿದುಹರಿದು ಬರುತ್ತದೆ. ಈ ವಿಷಯಗಳನ್ನು ಮೊದಲೇ ತಿಳಿದವರು ಅಂಜುವುದಿಲ್ಲ. ತಿಳಿಯದವರು ಪ್ರತಿಯೊಂದು ನೋವನ್ನೂ ಹೃದಯಾಘಾತವೆಂದೇ ಭಾವಿಸಿ ರಾತ್ರಿಯಿಡೀ ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿರುತ್ತಾರೆ.

ಆದುದರಿಂದ ಎರಡು ನೋವುಗಳ ಭೇದವನ್ನು ತಿಳಿದಿರುವುದು ಲೇಸು. ಗಾಯದ ನೋವು ಒತ್ತಿದರೆ, ಕೆಮ್ಮಿದರೆ, ಮಗ್ಗುಲು ಬದಲಿಸಿದರೆ ಹೆಚ್ಚಾಗುತ್ತದೆ. ಇಂಥ ಜಾಗವೆಂದು ಬೆರಳಿಟ್ಟು ತೋರಿಸಬಹುದು. ಹೃದಯದ ನೋವು ಸಾಮಾನ್ಯವಾಗಿ ಭಾರ ಹೇರಿದಂತೆ, ಬಿಗಿದಂತೆ ಇರುತ್ತದೆ. ಶ್ರಮಪಟ್ಟಾಗ ಬಂದು ನಿಂತಾಗ ಕಡಿಮೆಯಾಗುತ್ತದೆ. ತೋಳು, ದವಡೆ, ಬೆನ್ನಿಗೆ ಹರಡಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆ ಬರುತ್ತಿದ್ದ ನೋವಿನಂಥದೇ ಮತ್ತೆ ಬಂದರೆ, ಅಥವಾ ಇದು ಯಾವ ನೋವೆಂದು ಸಂಶಯ ಬಂದರೆ, ಮನೆಯಲ್ಲಿ ತರ್ಕ ಮಾಡುತ್ತ ಕೂಡದೆ ತಡಮಾಡದೆ ವೈದ್ಯರನ್ನು ಕೇಳಬೇಕು.

ಹಾಸಿಗೆಯೂ ಹಾನಿ ಮಾಡುತ್ತದೆ

ಮಲಗಿದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಮಾತ್ರ ಇದ್ದದ್ದಲ್ಲ. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡದಿರುವುದು ಒಂದು ಕಾಲದಲ್ಲಿ ವೈದ್ಯಶಾಸ್ತ್ರದ ನಿಯಮವೇ ಆಗಿತ್ತು. 1952ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅವರು ಇಂಥ ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂಡಿಸುವ ಪದ್ಧತಿಯನ್ನು ಪ್ರಕಟಿಸಿದಾಗ ಅದು ದೊಡ್ಡ ಸಾಹಸವೆನಿಸಿತ್ತು. ಈಗ ಬೈಪಾಸ್ ಆದವರನ್ನು ಸಾಮಾನ್ಯವಾಗಿ ಮರುದಿನವೋ ಅದರ ಮರುದಿನವೋ ಕುರ್ಚಿಯಲ್ಲಿ ಕೂಡಿಸಿ, ಬೆನ್ನಿಗೇ ನಡೆಸಲು ತೊಡಗುತ್ತಾರೆ.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿಸಲಾಯಿತು. ಅವರ ದೇಹದ ಶ್ರಮಶಕ್ತಿ ನಾಲ್ಕನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಕಂಡುಬಂದದ್ದು ಇನ್ನೂ ಆಶ್ಚರ್ಯಕರ: ಮೂವತ್ತು ವರ್ಷಗಳ ವಯಸ್ಸು ಕಸಿದುಕೊಂಡ ಶಕ್ತಿಗಿಂತ ಆ ಮೂರು ವಾರಗಳ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚಾಗಿತ್ತು! ಎಳೆಯರ ಗತಿಯೇ ಹೀಗಾದರೆ ಅರುವತ್ತು ದಾಟಿದವರ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬಹುದು. ಮಲಗಿದವರ ಶ್ವಾಸಕೋಶದ ತಳದಲ್ಲಿ ಕಫ ನಿಲ್ಲುತ್ತದೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ, ಮಾಂಸಖಂಡಗಳು ಕರಗುತ್ತವೆ, ಮಲಬದ್ಧತೆ ಕಾಡುತ್ತದೆ. ಹೀಗೆ ಸೊರಗಿದ ದೇಹ ನಾಲ್ಕು ಹೆಜ್ಜೆ ಇಟ್ಟೊಡನೆ ಏದುಸಿರು ಬಿಡುತ್ತದೆ. ಆಗ ರೋಗಿ, “ನೋಡಿ, ನನ್ನ ಹೃದಯ ಇನ್ನೂ ಸರಿಯಾಗಿಲ್ಲ” ಎಂದು ಮತ್ತೆ ಮಲಗುತ್ತಾರೆ. ಸೊರಗಿರುವುದು ಕಾಲಿನ ಮಾಂಸಖಂಡ. ಅಪವಾದ ಹೊರುವುದು ಹೃದಯ.

ಲಕ್ಕಮ್ಮನವರ ಅಳತೆ

ಈ ಸಂದರ್ಭದಲ್ಲಿ ನಮಗೆ ನೆನಪಾಗುವವರು ಶರಣೆ ಆಯ್ದಕ್ಕಿ ಲಕ್ಕಮ್ಮನವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ–ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಶರಣರ ಮನೆಯಿಲ್ಲ. ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತ ಪತಿಗೆ, ಕಾಯಕ ನಿಂತಿದೆಯೆಂದು ನೆನಪಿಸಿದವರು ಲಕ್ಕಮ್ಮ. ಅವಸರದಲ್ಲಿ ಹೋಗಿ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದವರೂ ಅವರೇ.

ದೇಹ ಚೇತರಿಸಿಕೊಳ್ಳುವ ಕಾಲಕ್ಕೆ ಈ ಎರಡು ಮಾತುಗಳೇ ಸಾಕು. ಮೊದಲನೆಯದು, ಒಂದು ದಿನವೂ ಕಾಯಕ ನಿಲ್ಲಬಾರದು. ಎರಡನೆಯದು, ಅಂದಂದಿನ ಅಳತೆಯನ್ನು ಮೀರಬಾರದು. ಅಂಜಿ ಮಲಗುವವರು ಮೊದಲನೆಯದನ್ನು ಮರೆಯುತ್ತಾರೆ. ಒಂದು ದಿನ ಮೈ ಹಗುರವಾಗಿ ಕಂಡಿತೆಂದು ಊರೆಲ್ಲ ಸುತ್ತಿ ಬಂದು ಮುಂದಿನ ಮೂರು ದಿನ ಹಾಸಿಗೆ ಹಿಡಿಯುವವರು ಎರಡನೆಯದನ್ನು ಮರೆಯುತ್ತಾರೆ. ಇಬ್ಬರಿಗೂ ನಂಬಿಕೆ ಬೆಳೆಯುವುದಿಲ್ಲ.

ನಡಿಗೆಯ ಕಾಯಕ

ಮನೆಗೆ ಬಂದ ಮೊದಲ ವಾರ ಸಮತಟ್ಟಾದ ನೆಲದ ಮೇಲೆ ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ ನಡೆದರೆ ಸಾಕು. ಪಡಸಾಲೆಯಲ್ಲಾದರೂ ಸರಿ, ಅಂಗಳದಲ್ಲಾದರೂ ಸರಿ. ಮೈ ಒಪ್ಪಿದಂತೆ ಒಂದೊಂದು, ಎರಡೆರಡು ನಿಮಿಷ ಕೂಡಿಸುತ್ತ ಹೋದರೆ ಆರನೆಯ ವಾರದ ಹೊತ್ತಿಗೆ ಹೆಚ್ಚಿನವರು ಒಮ್ಮೆಗೆ ಅರ್ಧ ಗಂಟೆ ನಡೆಯಬಲ್ಲವರಾಗುತ್ತಾರೆ. ಉಂಡ ಮೇಲೆ ಒಂದು ಗಂಟೆ ಬಿಡಬೇಕು. ಉರಿಬಿಸಿಲಿನಲ್ಲಿ, ಏರುದಾರಿಯಲ್ಲಿ ಆರಂಭದಲ್ಲಿ ನಡೆಯಬಾರದು. ಮೆಟ್ಟಿಲು ಹತ್ತುವಾಗ ಒಂದೊಂದೇ ಮೆಟ್ಟಿಲು ಹತ್ತಿ, ಬೇಕೆನಿಸಿದಲ್ಲಿ ನಿಲ್ಲಬೇಕು. ಕಂಬಿಯನ್ನು ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬಾರದು.

ಎಷ್ಟು ವೇಗ? ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆಗಳನ್ನು ಸೇವಿಸುತ್ತಿರುವವರಿಗೆ ನಾಡಿಯ ಎಣಿಕೆಯೊಂದೇ ಸರಿಯಾದ ಗುರುತಾಗದು. ಮಾತನಾಡಲು ಸಾಧ್ಯವಾಗುವಷ್ಟು ವೇಗದಲ್ಲಿ ನಡೆಯಬೇಕೆಂದು ವೈದ್ಯರು ಹೇಳುತ್ತಾರೆ. ನಾವು ಇದನ್ನೇ ನಮ್ಮ ರೀತಿಯಲ್ಲಿ ಹೇಳುವುದಾದರೆ, ನಡೆಯುತ್ತ ‘ಓಂ ನಮಃ ಶಿವಾಯ’ ಎಂದು ಬಾಯಿಬಿಟ್ಟು ಹೇಳಲು ಬರುತ್ತಿದ್ದರೆ ವೇಗ ಸರಿಯಾಗಿದೆ. ಉಸಿರು ಕಟ್ಟಿ ಮಂತ್ರ ನಡುವೆ ತುಂಡಾಗುತ್ತಿದ್ದರೆ ವೇಗ ಹೆಚ್ಚಾಗಿದೆ. ನಾಲ್ಕೈದು ವಾರಗಳ ಮೇಲೂ ಆರಾಮವಾಗಿ ರಾಗವೆಳೆದು ಹಾಡಲು ಬರುತ್ತಿದ್ದರೆ ಹೆಜ್ಜೆಯನ್ನು ಇನ್ನಷ್ಟು ಚುರುಕುಗೊಳಿಸಬಹುದು.

ನಡೆದ ನಿಮಿಷಗಳನ್ನು ದಿನವೂ ಒಂದು ವಹಿಯಲ್ಲಿ ಬರೆದಿಡಬೇಕೆಂಬುದು ನಮ್ಮ ಆಗ್ರಹದ ಸೂಚನೆ. ಅಂಗಡಿ ನಡೆಸುವವರಿಗೆ ಕಿರ್ದಿಯ ಮಹತ್ತ್ವವನ್ನು ಹೇಳಬೇಕಾಗಿಲ್ಲ. ಭಯ ಬಂದಾಗ ಮನಸ್ಸು ಸುಳ್ಳು ಹೇಳುತ್ತದೆ. ಕಿರ್ದಿ ಸುಳ್ಳು ಹೇಳುವುದಿಲ್ಲ. ಮೂರು ವಾರದ ಹಿಂದೆ ಐದು ನಿಮಿಷ, ಇಂದು ಹದಿನೈದು ನಿಮಿಷ ಎಂಬುದನ್ನು ತಮ್ಮ ಕೈಬರಹದಲ್ಲಿಯೇ ಕಂಡವರಿಗೆ ಬೇರೆಯವರ ಧೈರ್ಯದ ಮಾತು ಬೇಕಾಗುವುದಿಲ್ಲ.

ಉಸಿರಾಟದ ವ್ಯಾಯಾಮವೂ ನಡಿಗೆಯಷ್ಟೇ ಮುಖ್ಯ. ಆಸ್ಪತ್ರೆಯವರು ಕೊಟ್ಟ ಮೂರು ಚೆಂಡುಗಳ ಸಾಧನವನ್ನು ಮನೆಗೆ ಬಂದೊಡನೆ ಮೊಮ್ಮಕ್ಕಳ ಆಟಕ್ಕೆ ಕೊಟ್ಟುಬಿಡುವವರುಂಟು! ವೈದ್ಯರು ಸಾಕೆನ್ನುವವರೆಗೆ ಹೇಳಿದಷ್ಟು ಸಲ ಅದರಲ್ಲಿ ನಿಧಾನವಾಗಿ ಉಸಿರೆಳೆದುಕೊಳ್ಳಬೇಕು. ಕೆಮ್ಮು ಬಂದಾಗ ಒಂದು ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಿದರೆ ನೋವು ಕಡಿಮೆ. ನೋವಿಗೆ ಹೆದರಿ ಕೆಮ್ಮನ್ನು ನುಂಗಬಾರದು.

ಯೋಗದ ವಿಷಯವನ್ನು ಅನೇಕರು ಕೇಳುತ್ತಾರೆ. ಹೃದಯಾಘಾತಕ್ಕೊಳಗಾದ ಸುಮಾರು 4,000 ಮಂದಿಯನ್ನು ಕುರಿತು ಭಾರತದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯೋಗವನ್ನು ಕ್ರಮವಾಗಿ ಕಲಿತವರು ತಮ್ಮ ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಚೆನ್ನಾಗಿ ಮರಳಿದ್ದು ಕಂಡುಬಂದಿತು. ಆದರೆ ಎದೆಯ ಮೂಳೆ ಕೂಡುವವರೆಗೆ ಸೂರ್ಯನಮಸ್ಕಾರ, ಭುಜಂಗಾಸನ ಮೊದಲಾಗಿ ಕೈಗಳ ಮೇಲೆ ಭಾರ ಹಾಕುವ ಆಸನಗಳು ಸಲ್ಲವು. ಉಸಿರು ಬಿಗಿಹಿಡಿಯುವ ಕುಂಭಕವೂ ಬೇಡ.

ಮೂಳೆಯ ಕಾವಲು, ಅಡುಗೆಮನೆಯ ನ್ಯಾಯ

ಕಾಲಿಗೆ ಕಾಯಕ ಬೇಕಾದಂತೆ ಎದೆಯ ಮೂಳೆಗೆ ಕಾವಲು ಬೇಕು. ಮೊದಲ ಎಂಟು ವಾರಗಳಲ್ಲಿ ನಾಲ್ಕೈದು ಕಿಲೋಗಿಂತ ಹೆಚ್ಚು ಭಾರ ಎತ್ತಬಾರದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕೆಲವರಿಗೆ ಹನ್ನೆರಡು ವಾರ ಈ ನಿಯಮವಿರುತ್ತದೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಹಾಗಾದರೆ ಹನ್ನೆರಡು ಲೀಟರು ಹಿಡಿಯುವ ಕೊಡದ ಲೆಕ್ಕವನ್ನು ನೀವೇ ಹಾಕಿ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಉಕ್ಕಿನ ಭಾರ ಬೇರೆ. ಓಡಿಬಂದು ತೊಡೆ ಏರುವ ಎರಡು ವರ್ಷದ ಮೊಮ್ಮಗುವೂ ಹತ್ತು ಕಿಲೋ ದಾಟಿರುತ್ತದೆ. ಕುಳಿತಿರುವಾಗ ಮಗುವನ್ನು ಬೇರೆಯವರು ಪಕ್ಕದಲ್ಲಿ ತಂದು ಕೂಡಿಸಲಿ. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ನಿಧಾನವಾಗಿ ಎದ್ದು ಕೂಡಬೇಕು. ಮೊಣಕೈಗಳನ್ನು ಪಕ್ಕೆಗೆ ಹತ್ತಿರವಿಟ್ಟುಕೊಂಡು ಮಾಡುವ ಕೆಲಸಗಳಿಂದ ಮೂಳೆಗೆ ಎಳೆತ ಕಡಿಮೆ. ಸ್ಕೂಟರು, ಕಾರು, ಟ್ರ್ಯಾಕ್ಟರುಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಮುಟ್ಟಬಾರದು.

ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮನೆಯ ಯಜಮಾನರಿಗೆ ಶಸ್ತ್ರಚಿಕಿತ್ಸೆಯಾದರೆ ಮೂರು ತಿಂಗಳಾದರೂ ನೀರಿನ ಲೋಟವನ್ನು ಅವರ ಕೈಗೇ ತಂದು ಕೊಡುತ್ತೇವೆ. ಅದೇ ಶಸ್ತ್ರಚಿಕಿತ್ಸೆ ಮನೆಯ ಅವ್ವನಿಗಾದರೆ ಮೂರನೆಯ ವಾರಕ್ಕೇ ಅವರು ಒಲೆಯ ಮುಂದೆ ಇರುತ್ತಾರೆ. “ಬರೀ ನಾಲ್ಕು ರೊಟ್ಟಿ ಬಡಿದೆ, ಅದೇನು ಕೆಲಸ” ಎಂದು ಅವರೂ ಹೇಳುತ್ತಾರೆ, ಮನೆಯವರೂ ನಂಬುತ್ತಾರೆ. ಜೋಳದ ಹಿಟ್ಟನ್ನು ನಾದುವುದು, ರೊಟ್ಟಿ ಬಡಿಯುವುದು, ಬಟ್ಟೆ ಒಗೆದು ಹಿಂಡುವುದು, ಬಗ್ಗಿ ಕಸ ಗುಡಿಸುವುದು, ತುಂಬಿದ ಕುಕ್ಕರು ಇಳಿಸುವುದು ಇವೆಲ್ಲವೂ ಭುಜ ಮತ್ತು ಎದೆಯ ಬಲದಿಂದ ಆಗುವ ಕೆಲಸಗಳು. ಗಂಡಸರನ್ನು ಹೆಚ್ಚು ಕೂಡಿಸಿ ಕೆಡಿಸುತ್ತೇವೆ, ಹೆಂಗಸರನ್ನು ಬೇಗ ಎಬ್ಬಿಸಿ ಕೆಡಿಸುತ್ತೇವೆ. ಹೆಣ್ಣು–ಗಂಡೆಂಬ ಭೇದವನ್ನು ಎಣಿಸದ ಶರಣರ ಮಾರ್ಗದಲ್ಲಿ ನಡೆಯುವೆವೆನ್ನುವವರು ಇದನ್ನು ಯೋಚಿಸಬೇಕು. ತೊಗರಿಬೇಳೆ ಆರಿಸುವುದು, ಸೊಪ್ಪು ಬಿಡಿಸುವುದು, ಬತ್ತಿ ಹೊಸೆಯುವುದು, ಮಕ್ಕಳಿಗೆ ಪಾಠ ಹೇಳುವುದು ಇಂಥ ಹಗುರ ಕೆಲಸಗಳಿಂದ ಇಬ್ಬರೂ ಆರಂಭಿಸಲಿ. ರೊಟ್ಟಿ ಬಡಿಯುವುದು ಮೂರು ತಿಂಗಳು ಬೇರೆಯವರ ಪಾಲಿಗಿರಲಿ. ಅದು ಮಗನ ಪಾಲಿಗೆ ಬಂದರೂ ತಪ್ಪಿಲ್ಲ.

ಇಷ್ಟಲಿಂಗ, ವಿಭೂತಿ, ವ್ರತ

ಶಸ್ತ್ರಚಿಕಿತ್ಸೆಗೆ ಮುನ್ನ ಇಷ್ಟಲಿಂಗವನ್ನು ತೆಗೆಯಬೇಕಾದಾಗ ಹಿರಿಯರ ಮನಸ್ಸಿಗೆ ಬಹಳ ಕಸಿವಿಸಿಯಾಗುತ್ತದೆ. ಮನೆಯವರೊಬ್ಬರು ಅದನ್ನು ಭಕ್ತಿಯಿಂದ ಕಾಪಾಡಿಕೊಂಡಿದ್ದು, ವೈದ್ಯರು ಒಪ್ಪಿದೊಡನೆ ಮರಳಿ ಕೊಡುವುದೇ ಉಚಿತ. ಶಿವದಾರ, ಕರಡಿಗೆಗಳು ಎದೆಯ ಗಾಯಕ್ಕೆ ಉಜ್ಜದಂತೆ ನೋಡಿಕೊಳ್ಳಬೇಕು. ಲಿಂಗಧಾರಣೆಗೆ ಎದೆಯೊಂದೇ ಸ್ಥಳವೆಂದಿಲ್ಲ. ಕಂಠ, ಕಕ್ಷೆ, ಕರಸ್ಥಲಗಳನ್ನೂ ಸಂಪ್ರದಾಯ ಹೇಳಿದೆ. ಗಾಯ ಮಾಯುವವರೆಗೆ ದಾರದ ಉದ್ದವನ್ನು ಹೊಂದಿಸಿಕೊಂಡು ಅನುಕೂಲವಾದಲ್ಲಿ ಧರಿಸಬಹುದು.

ಪೂಜೆಗೆ ನೆಲದ ಮೇಲೆ ಕುಳಿತರೆ ಏಳುವಾಗ ಕೈಯೂರಬೇಕಾಗುತ್ತದೆ. ಅದು ಎದೆಯ ಮೂಳೆಗೆ ಭಾರ. ಕುರ್ಚಿಯ ಮೇಲೆ ಕುಳಿತು, ಲಿಂಗ ಹಿಡಿದ ಕೈಯ ಮೊಣಕೈಗೆ ದಿಂಬಿನ ಆಸರೆ ಕೊಟ್ಟುಕೊಂಡು ಪೂಜೆ ಮಾಡಿದರೆ ಲೋಪವೇನೂ ಇಲ್ಲ. ಶಸ್ತ್ರಚಿಕಿತ್ಸೆಯ ನಂತರ ಚಂಚಲವಾಗಿರುವ ಮನಸ್ಸಿಗೆ ದಿನವೂ ಒಂದೇ ಹೊತ್ತಿಗೆ ನಡೆಯುವ ಪೂಜೆ ಒಂದು ನೆಲೆಯನ್ನು ಕೊಡುತ್ತದೆ. ಸ್ವಾಮಿಗಳು ಮನೆಗೆ ದಯಮಾಡಿಸಿದಾಗ ಸಾಷ್ಟಾಂಗ ನಮಸ್ಕಾರಕ್ಕೆ ಬಗ್ಗದೆ ಕೈಮುಗಿದರೆ ಸಾಕು. ವಿಭೂತಿ ಹಣೆಯ ಮೇಲಿರಲಿ; ಮಾಯದ ಗಾಯದ ಮೇಲೆ ವಿಭೂತಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬಾರದು. ಶ್ರಾವಣ ಸೋಮವಾರ, ಶಿವರಾತ್ರಿಗಳ ಉಪವಾಸವನ್ನು ಚೇತರಿಕೆಯ ಕಾಲದಲ್ಲಿ ಬಿಡುವುದೇ ಲೇಸು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗಂತೂ ಉಪವಾಸ ಅಪಾಯಕಾರಿ.

ಊಟ

ಪಥ್ಯವೆಂದರೆ ಗಂಜಿ ಎಂಬ ತಿಳಿವಳಿಕೆ ಹೋಗಬೇಕು. ಕೂಡಬೇಕಾದ ಮೂಳೆಗೂ, ಮಾಯಬೇಕಾದ ಗಾಯಕ್ಕೂ ಸಸಾರಜನಕ ಬೇಕು. ಸಸ್ಯಾಹಾರಿಗಳಾದ ನಮಗೆ ಅದು ಬೇಳೆ, ಮೊಳಕೆ ಬರಿಸಿದ ಹೆಸರು–ಮಡಕೆ ಕಾಳು, ಹಾಲು, ಮೊಸರುಗಳಿಂದ ದೊರೆಯುತ್ತದೆ. ಒಮ್ಮೆಗೆ ಹೆಚ್ಚು ಉಣ್ಣಲಾಗದಿದ್ದರೆ ಸ್ವಲ್ಪಸ್ವಲ್ಪವಾಗಿ ಐದಾರು ಸಲ ಉಣ್ಣಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅಡಗಿರುವ ಉಪ್ಪಿನ ಮೇಲೆ ಕಣ್ಣಿರಲಿ. ಮಲವಿಸರ್ಜನೆಗೆ ತಿಣುಕಬಾರದಾದುದರಿಂದ ಸೊಪ್ಪು, ಹಣ್ಣು, ನಾರಿನ ಪದಾರ್ಥಗಳಿರಲಿ. ಸಾಧ್ಯವಾದರೆ ಕೂತು ಬಳಸುವ ಕಮೋಡ್ ಇರಲಿ. ತಂಬಾಕು, ಗುಟ್ಕಾ, ಬೀಡಿ, ಸಿಗರೇಟುಗಳಿಗೆ ಶಾಶ್ವತವಾಗಿ ವಿದಾಯ ಹೇಳಬೇಕು.

ಎದೆಯೊಳಗಿನ ರಕ್ತನಾಳವನ್ನು ಬಳಸಿ ಮಾಡಿದ ಬೈಪಾಸ್ ದಾರಿಗಳು ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಸುಮಾರು ಒಂಬತ್ತು ತೆರೆದೇ ಇರುತ್ತವೆ. ಕಾಲಿನ ನಾಳದಿಂದ ಮಾಡಿದವು ಅಷ್ಟು ಬಾಳುವುದಿಲ್ಲ. ಅವನ್ನು ಕಾಪಾಡುವುದು ಆಹಾರ, ನಡಿಗೆ ಮತ್ತು ಔಷಧ. ಆರಾಮವಾಯಿತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಕಟ್ಟಿದ ಮನೆಯ ಅಡಿಪಾಯವನ್ನು ಕಿತ್ತಂತೆ.

ಮನಸ್ಸಿನ ಗಾಯ

ದೇಹದ ಗಾಯವನ್ನು ಎಲ್ಲರೂ ನೋಡುತ್ತಾರೆ. ಮನಸ್ಸಿನದನ್ನು ಯಾರೂ ಕೇಳುವುದಿಲ್ಲ. ಬೈಪಾಸ್ ಆದ ಅನೇಕರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಸಿಟ್ಟು ಬರುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಕೆಟ್ಟ ಕನಸುಗಳು ಬೀಳುತ್ತವೆ. ಮೊದಲ ಕೆಲವು ವಾರ ಇದು ಸಹಜ. ಆದರೆ ಐವರಲ್ಲಿ ಸುಮಾರು ಒಬ್ಬರಲ್ಲಿ ಇದು ಖಿನ್ನತೆಯಾಗಿಯೇ ನೆಲೆಸುತ್ತದೆ. ಎರಡು ವಾರಕ್ಕೂ ಮೀರಿ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಊಟ–ನಿದ್ರೆ ಬಿಟ್ಟು, ಬದುಕೇ ಬೇಡವೆನ್ನುವ ಮಾತು ಬಂದರೆ ಅದನ್ನು ದೈವಭಕ್ತಿಯ ಕೊರತೆಯೆಂದೋ ಹಟವೆಂದೋ ತಿಳಿಯಬಾರದು. ಅದಕ್ಕೆ ಚಿಕಿತ್ಸೆಯಿದೆ, ವೈದ್ಯರಿಗೆ ಹೇಳಬೇಕು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸಂಖ್ಯೆ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಧಾರವಾಡ ಕಡೆಯ, ನಮಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರು ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾದರೂ ಪಡಸಾಲೆಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಎದ್ದರೆ ಮನೆಯವರು, “ಏಳಬ್ಯಾಡ್ರಿ, ಏನ್ ಬೇಕು ಹೇಳ್ರಿ, ನಾ ತರ್ತೀನಿ” ಎನ್ನುತ್ತಿದ್ದರು. ಒಮ್ಮೆ ತಪಾಸಣೆಗೆ ಹೋದಾಗ ವೈದ್ಯರು ಪತಿ–ಪತ್ನಿ ಇಬ್ಬರನ್ನೂ ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ ತಮ್ಮೊಡನೆ ನಡೆಸಿದರು. ಆರು ನಿಮಿಷ ನಡೆದರೂ ಮಾಸ್ತರರಿಗೆ ಏನೂ ಆಗಲಿಲ್ಲ. ಅದನ್ನು ಕಣ್ಣಾರೆ ಕಂಡ ಮೇಲೆ ಆ ತಾಯಿಯವರೇ ದಿನವೂ ಅವರೊಡನೆ ಹೊರಡತೊಡಗಿದರು. ಮೊದಲು ಮನೆಯ ಗೇಟು, ಅನಂತರ ಓಣಿಯ ತುದಿ, ಆಮೇಲೆ ಬಸವಣ್ಣನ ಗುಡಿ. ಈಗ ಮಾಸ್ತರರು ಶನಿವಾರ ಸಂಜೆ ಓಣಿಯ ಮಕ್ಕಳಿಗೆ ವಚನಗಳ ಪಾಠ ಹೇಳುತ್ತಿದ್ದಾರೆ. ಅವರ ಹೃದಯ ಮೊದಲೇ ಸರಿಯಾಗಿತ್ತು. ಮನೆಯ ಭಯ ಹೋಗಬೇಕಾಗಿತ್ತು, ಅಷ್ಟೆ.

ಮನೆಯವರಿಗೆ ಎರಡು ಮಾತು

ಬಂದು ನೋಡುವವರ ಸಂಖ್ಯೆ ಮಿತಿಯಲ್ಲಿರಲಿ. “ನಮ್ಮ ಬೀಗರಿಗೂ ಹೀಗೇ ಆಗಿತ್ತು, ಆರು ತಿಂಗಳೂ ಉಳಿಯಲಿಲ್ಲ” ಎಂಬ ಕಥೆಗಳನ್ನು ಬಾಗಿಲಲ್ಲಿಯೇ ತಡೆಯಿರಿ. ಕೆಮ್ಮು, ನೆಗಡಿ ಇರುವವರು ಬೇರೊಂದು ದಿನ ಬರಲಿ. ರೋಗಿಯ ಬದಲು ಕೆಲಸ ಮಾಡಿಕೊಡುವುದಕ್ಕಿಂತ ಅವರ ಜೊತೆ ನಡೆಯುವುದು ಹೆಚ್ಚಿನ ಸೇವೆ. ಮನೆಯ ಲೆಕ್ಕ, ಮಗಳ ಮದುವೆಯ ಮಾತುಕತೆ, ಹೊಲದ ಬಿತ್ತನೆ ಈ ವಿಷಯಗಳಲ್ಲಿ ಅವರ ಅಭಿಪ್ರಾಯ ಕೇಳಿ. ಅವರಿಗೆ ಆಘಾತವಾದೀತೆಂದು ಎಲ್ಲವನ್ನೂ ಮುಚ್ಚಿಡುವುದು ಅವರನ್ನು ಬದುಕಿರುವಾಗಲೇ ಮನೆಯಿಂದ ಹೊರಗಿಟ್ಟಂತೆ.

ದಂಪತಿಗಳು ಕೇಳಲು ಸಂಕೋಚಪಡುವ ಇನ್ನೊಂದು ವಿಷಯವಿದೆ. ಎರಡು ಅಂತಸ್ತಿನ ಮೆಟ್ಟಿಲುಗಳನ್ನು ಎದೆನೋವು, ಏದುಸಿರುಗಳಿಲ್ಲದೆ ಹತ್ತಬಲ್ಲವರಿಗೆ, ಮೂಳೆ ಕೂಡಿದ ನಂತರ ದಾಂಪತ್ಯ ಜೀವನದಿಂದ ಸಾಮಾನ್ಯವಾಗಿ ಹೃದಯಕ್ಕೆ ಅಪಾಯವಿಲ್ಲ. ಸಂದೇಹವಿದ್ದರೆ ವೈದ್ಯರನ್ನು ನೇರವಾಗಿ ಕೇಳುವುದರಲ್ಲಿ ನಾಚಿಕೆ ಬೇಡ.

ಎಚ್ಚರಿಕೆಯ ಗಂಟೆಗಳು

ಧೈರ್ಯವೆಂದರೆ ಉಪೇಕ್ಷೆ ಎಂದರ್ಥವಲ್ಲ. ಜ್ವರ 100.4 ಡಿಗ್ರಿ ಮೀರಿದರೆ, ಗಾಯ ಕೆಂಪಾಗಿ ಕೀವು ಅಥವಾ ನೀರು ಸುರಿದರೆ, ಎದೆಯ ಮೂಳೆ ಕಟಕಟ ಸದ್ದು ಮಾಡಿ ಅಲುಗಿದಂತೆ ಅನಿಸಿದರೆ, ಎರಡು ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರಿದರೆ, ಒಂದೇ ಕಾಲಿನ ಮೀನಖಂಡ ನೋಯುತ್ತ ಬಾತುಕೊಂಡರೆ, ಎದೆಬಡಿತ ತಾಳತಪ್ಪಿದರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. ತಾಳತಪ್ಪಿದ ಬಡಿತ ಬೈಪಾಸ್ ಆದ ನಾಲ್ವರಲ್ಲಿ ಸುಮಾರು ಒಬ್ಬರಿಗೆ, ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ವಿಶ್ರಾಂತಿಯಿಂದ ಇಳಿಯದ ಎದೆನೋವು, ಹಠಾತ್ತಾಗಿ ಬಂದ ಉಬ್ಬಸ, ಎಚ್ಚರ ತಪ್ಪುವುದು, ಬಾಯಿ ವಕ್ರವಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಒಂದು ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಬೇಕು.

ಬಂಧುಗಳೇ, ಶರಣರು ದೇಹವನ್ನು ಹೇಯವೆಂದು ಕಾಣಲಿಲ್ಲ. ಅದನ್ನೇ ದೇವರ ಆಲಯವಾಗಿ ಕಂಡರು. ದುರಸ್ತಿಯಾದ ಗುಡಿಗೆ ಬೀಗ ಹಾಕಿಡುವವರುಂಟೆ? ಬಾಗಿಲು ತೆರೆದು, ಕಸ ಗುಡಿಸಿ, ದಿನವೂ ದೀಪ ಹಚ್ಚುತ್ತಾರೆ. ಶಸ್ತ್ರಚಿಕಿತ್ಸೆಯಾದ ದೇಹಕ್ಕೂ ಬೇಕಾದದ್ದು ಅಂಥ ನಿತ್ಯಸೇವೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇಂದು ಸಂಜೆ ಬಿಸಿಲು ಇಳಿದ ಮೇಲೆ ಅವರ ಬಳಿ ಹೋಗಿ, “ಬನ್ನಿ, ಹತ್ತು ಹೆಜ್ಜೆ ನಡೆದು ಬರೋಣ” ಎನ್ನಿ. ಹೆಜ್ಜೆ ಅವರ ಅಳತೆಯದಾಗಿರಲಿ. ನಾಳೆಯೂ ಹಾಗೆಯೇ ಕರೆಯಿರಿ.